ಒಲೆಗೊಂದು ಚೀಟಿ

ಇಬ್ಬರು ಸೊಸೆಯಂದಿರು ಬಂದ ಮೇಲೂ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಣ್ಣುವ ಮನೆ ಎಂದರೆ ಮಳಗಿ ಕಡೆಯ ಆ ತಾಂಡಾದಲ್ಲಿ ಪ್ರೇಮಾಬಾಯಿಯದೊಂದೇ ಉಳಿದಿತ್ತು. ಬೇರೆಯವರ ಮನೆಗಳಲ್ಲಿ ಎರಡನೆಯ ಮಗನ ಮದುವೆಯ ಚಪ್ಪರ ಬಿಚ್ಚುವ ಮೊದಲೇ ಹಿತ್ತಿಲಲ್ಲಿ ಹೊಸ ಹೊಗೆ ಏಳುತ್ತಿತ್ತು. ಈ ಹೆಚ್ಚುಗಾರಿಕೆಯನ್ನು ಪ್ರೇಮಾಬಾಯಿ ನೀರಿಗೆ ಹೋದಾಗ, ಸಂತೆಗೆ ಹೋದಾಗ, ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು. ಒಲೆ ಒಂದಾಗಿ ಉಳಿದದ್ದು ಪ್ರೀತಿಯಿಂದಲ್ಲ, ತನ್ನ ನಾಲಿಗೆಯ ಹೆದರಿಕೆಯಿಂದ ಎಂಬುದೊಂದನ್ನು ಮಾತ್ರ ನುಂಗಿಕೊಳ್ಳುತ್ತಿದ್ದಳು.

ಆ ಒಲೆಯ ಮುಂದೆ ಯಾರು ಯಾವಾಗ ಉಣ್ಣಬೇಕು ಎಂಬುದೂ ಗಟ್ಟಿಯಾಗಿತ್ತು. ಮೊದಲು ಗಂಡ ಭೋಜಪ್ಪ, ಆಮೇಲೆ ಹಿರಿಮಗ ಬಾಲು, ಕಿರಿಮಗ ತುಳಸಿರಾಮ, ಅವರ ನಂತರ ತಾನು. ತನ್ನ ಬೆನ್ನಿಗೆ ಹಿರಿಸೊಸೆ ಸುಮನ. ಪಾತ್ರೆಯ ತಳ ಕೆರೆದು ಉಣ್ಣುವವಳು ಕಿರಿಸೊಸೆ ಕಾಜಲ್. ತಾನೂ ಸೊಸೆಯಾಗಿ ಬಂದಾಗ ತಳವನ್ನೇ ಕೆರೆದವಳು ಎಂದು ಪ್ರೇಮಾಬಾಯಿ ಹೇಳುತ್ತಿದ್ದಳು. ಹೇಳಿದ ಮೇಲೂ ಕಾಜಲಳ ಹೊಟ್ಟೆ ತುಂಬುತ್ತಿರಲಿಲ್ಲ.

ರೋಗದ ಎರಡನೆಯ ಅಲೆ ಬಂದ ವರ್ಷ ಅದು. ಗೋವಾದಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದ ಬಾಲು ಕೆಲಸ ನಿಂತು ಊರಿಗೆ ಬಂದು ಕೂತಿದ್ದ. ತುಳಸಿರಾಮ ಮುಂಡಗೋಡಕ್ಕೂ ಮಳಗಿಗೂ ಟಂಟಂ ಓಡಿಸುತ್ತಿದ್ದವನು ಪೊಲೀಸರ ಲಾಠಿಗೆ ಅಂಜಿ ಒಂದು ದಿನ ಓಡಿಸಿದರೆ ಎರಡು ದಿನ ಮಲಗುತ್ತಿದ್ದ. ಭೋಜಪ್ಪನಿಗೆ ಮೊದಲಿನಿಂದಲೂ ಉಬ್ಬಸದ ದಮ್ಮು. ಪಕ್ಕದ ತಾಂಡಾದಲ್ಲಿದ್ದ ಅವನ ತಮ್ಮ, ಕಲ್ಲಿನಂಥ ಆಳು, ಉಸಿರು ಸಿಗದೆ ಸತ್ತಿದ್ದ. ಮಣ್ಣಿಗೂ ಹೋಗಲು ಬಿಟ್ಟಿರಲಿಲ್ಲ. ಅಂದಿನಿಂದ ಮುದುಕ ಪ್ರತಿ ಕೆಮ್ಮಿಗೂ ಎದೆ ಹಿಡಿದುಕೊಂಡು ಹೆಂಡತಿಯ ಮುಖ ನೋಡುತ್ತಿದ್ದ.

ಮುಂಗಾರು ಶುರುವಾದ ಮೇಲೆ ಆಶಾ ಕಾರ್ಯಕರ್ತೆ ಅನ್ನಪೂರ್ಣಾ ಕೊಡೆ ಹಿಡಿದು ತಾಂಡಾಕ್ಕೆ ಬಂದಳು. ಮುಂದಿನ ಗುರುವಾರ ಅಂಗನವಾಡಿಯಲ್ಲಿ ಲಸಿಕೆ, ಬಂದಿರುವುದು ಕಡಿಮೆ, ಮತ್ತೆ ಯಾವಾಗ ಬರುತ್ತದೋ ತನಗೂ ಗೊತ್ತಿಲ್ಲ ಎಂದಳು. ಹಂಚುವುದು ಹೇಗೆ ಎಂಬ ಮಾತು ಬಂದಾಗ ತಾಂಡಾದ ನಾಯಕ ಯೋಚನೆಯನ್ನೂ ಮಾಡಲಿಲ್ಲ.

"ಒಲಿಗೊಂದು ಚೀಟಿ" ಎಂದ.

ಆ ತಾಂಡಾದಲ್ಲಿ ಏನು ಹಂಚಿದರೂ ಹಾಗೆಯೇ. ಮರಿಯಮ್ಮನಿಗೆ ಕಡಿದ ಕುರಿಯ ಪಾಲು ಒಲೆಗೊಂದು. ಟ್ಯಾಂಕರಿನ ನೀರಿನ ಪಾಳಿ ಒಲೆಗೊಂದು.

"ವಯಸ್ಸಾದವ್ರಿಗೆ, ದಮ್ಮಿದ್ದವ್ರಿಗೆ ಮೊದ್ಲ ಕೊಡ್ಬೇಕ್ರಿ ನಾಯಕರ" ಎಂದಳು ಅನ್ನಪೂರ್ಣಾ.

"ಅದನ್ನ ಆಯಾ ಒಲಿಯವ್ರು ನೋಡ್ಕೋತಾರ. ನಾ ಮಂದಿ ಮನಿಯೊಳಗ ಕೈ ಹಾಕಂಗಿಲ್ಲ."

ಆ ದಿನ ಮಧ್ಯಾಹ್ನ ಪ್ರೇಮಾಬಾಯಿಯ ಮನೆಯಲ್ಲಿ ಪುಂಡಿಪಲ್ಯ, ರೊಟ್ಟಿ. ಬಾಲು ಮೊದಲ ತುತ್ತು ಮುರಿಯುವ ಮೊದಲೇ ಶುರುಮಾಡಿದ.

"ಚೀಟಿ ನನಗ. ಗೋವಾದ ಕೆಲಸದ ಮುಕಾದಮ ಫೋನ್ ಮಾಡಿದ್ದ. ಸೂಜಿ ಮಾಡಿಸ್ಕೊಂಡವರನ್ನ ಅಷ್ಟ ಗಾಡಿ ಹತ್ತಿಸ್ತಾನಂತ."

"ನಿಮ್ಮಪ್ಪನ ಎದಿ ಹೆಂಗ ಅನ್ನಾಕತ್ತೇತಿ, ಕಿವಿ ಕೇಳಸ್ತೈತೋ ಇಲ್ಲೋ?" ಪ್ರೇಮಾಬಾಯಿ ರೊಟ್ಟಿ ತಟ್ಟುತ್ತಲೇ ಕೇಳಿದಳು.

"ಕೇಳಸ್ತೈತಿ ಯಾಡಿ. ಹೊಟ್ಟಿ ಅನ್ನೂದೂ ಕೇಳಸ್ತೈತಿ. ನಾ ಗೋವಾಕ್ಕ ಹೋಗ್ದಿದ್ರ ಮಳಿಗಾಲದಾಗ ಏನ ತಿಂತೀರಿ?" ಎಂದು ಬಾಲು ತಾಯಿಯನ್ನೇ ತಿರುಗಿ ಕೇಳಿದ.

"ನನ್ನ ಟಂಟಂ ಐತಲ್ಲ" ಎಂದ ತುಳಸಿರಾಮ.

"ಅದು ಮಲಗಿದ್ದ ಜಾಗದಾಗ ಹುಲ್ಲು ಬೆಳದೈತಿ."

"ಮಂದಿ ನಡುವ ಅಡ್ಡಾಡೂದು ಇವರಽ" ಎಂದಳು ಕಾಜಲ್ ಬಾಗಿಲ ಮರೆಯಿಂದ. "ಸಂತಿ, ಬಸ್‌ಸ್ಟ್ಯಾಂಡು, ಎಲ್ಲಾ. ರೋಗ ಮನಿಗೆ ಬಂದ್ರ ಇವರ ಮೈಮ್ಯಾಲೇ ಬರ್ಬೇಕು."

"ಸಣ್ಣಾಕಿ ಬಾಯಿ ಎಂದಿನಿಂದ ಉದ್ದಾತು?" ಸುಮನ ತಿರುಗಿ ನೋಡಿದಳು.

ಎಲ್ಲರೂ ತನ್ನನ್ನು ಬಿಟ್ಟು ಮಾತಾಡುತ್ತಿರುವುದನ್ನು ಕೇಳಿಸಿಕೊಂಡು ಕೂತಿದ್ದ ಭೋಜಪ್ಪ ತಾಟನ್ನು ಮುಂದಕ್ಕೆ ತಳ್ಳಿದ. ವಯಸ್ಸಾದವರು ಇಂಥ ಹೊತ್ತಿನಲ್ಲಿ, ನನ್ನದೇನು ಬಿಡಿ, ಚಿಕ್ಕವರು ಬದುಕಲಿ ಎನ್ನುತ್ತಾರಲ್ಲ, ಭೋಜಪ್ಪ ಅಂಥವನಲ್ಲ.

"ನನಗ ಸಾಯಾಕ ಮನಸ್ಸಿಲ್ಲ" ಎಂದ. "ಚೀಟಿ ನನಗ ಬೇಕು."

ಸುಮನ ಪಲ್ಯದ ಪಾತ್ರೆಯನ್ನು ಠಣ್ಣೆಂದು ನೆಲಕ್ಕಿಟ್ಟು, "ಹಂಗಾರ ಪಾಲು ಹಂಚಿಬಿಡ್ರಿ ಅತ್ತಿ. ನನ್ನ ಗಂಡ ದುಡ್ಯಾಕ ಹೋಗಂಗಿಲ್ಲ ಅಂದ್ರ ನಾವು ಬ್ಯಾರೆ ಒಲಿ ಹಾಕ್ಕೋತೇವಿ. ಆವಾಗ ನಮ್ಮ ಚೀಟಿ ನಮಗ" ಎಂದಳು.

ಬೇರೆ ಒಲೆ ಎಂಬ ಮಾತು ಆ ಮನೆಯಲ್ಲಿ ಅದುವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲ. ಪ್ರೇಮಾಬಾಯಿಯ ಕೈಯೊಳಗಿನ ರೊಟ್ಟಿ ಹರಿಯಿತು.

ಅಂದು ಸಂಜೆಯವರೆಗೂ ಆಕೆ ಯಾರನ್ನೂ ಮಾತಾಡಿಸದೆ ಆಡುಗಳ ದೊಡ್ಡಿಯ ಕಟ್ಟೆಯ ಮೇಲೆ ಕೂತಿದ್ದಳು. ಹಿರಿಮಗ ಮುನಿದು ಬೇರೆಯಾಗಬಾರದು, ಮುದುಕನೂ ಉಳಿಯಬೇಕು. ಚೀಟಿ ನೋಡಿದರೆ ಒಂದು. ಸುಮನ ಹೆದರಿಸಲು ಆಡಿದ ಮಾತನ್ನೇ ತಿರುಗಿಸಿ ತಿರುಗಿಸಿ ನೋಡಿದಾಗ ಆಕೆಗೆ ಒಂದು ಉಪಾಯ ಹೊಳೆಯಿತು. ಹೊಳೆದದ್ದೇ ಎದ್ದು ಬಂದು ಕಾಜಲಳನ್ನು ಕರೆದಳು.

"ದೊಡ್ಡ್ಯಾಗಿನ ಆಡು ಹೊರಗ ಕಟ್ಟು. ಕಸ ಬಳಿ. ಅಲ್ಲಿ ಒಂದು ಒಲಿ ಹಾಕೂಣು."

"ಯಾರಿಗ್ರಿ?"

"ನಿನಗ. ನಾಕ ದಿನದ ಮಟ್ಟಿಗೆ. ನೀವಿಬ್ಬರು ಬ್ಯಾರೆ ಆದ್ರಿ ಅಂತ ನಾಯಕನ ಮುಂದ ಹೇಳೂದು. ಮುದುಕ ನಿಮ್ಮ ಕೂಡ ಅದಾನಂತ ಹೇಳೂದು. ಆ ಒಲಿ ಚೀಟಿ ಮುದುಕನಿಗೆ, ಈ ಒಲಿ ಚೀಟಿ ಬಾಲುಗ. ಗುರುವಾರ ಮುಗೀತಂದ್ರ ಒಲಿ ಕೆಡವಿ ಆಡು ಕಟ್ಟೂದು."

"ಮತ್ತ ನಿಮಗ ಅತ್ತಿ?"

ಪ್ರೇಮಾಬಾಯಿ ನಕ್ಕಳು. ಮೊಣಕೈಯಿಂದ ಭುಜದವರೆಗೂ ಒತ್ತಾಗಿ ಏರಿಸಿಕೊಂಡ ಬಿಳಿಯ ತೋಳಬಳೆಗಳನ್ನು ಝಣಗುಡಿಸಿ, "ನನ್ನ ತೋಳಿನ್ಯಾಗ ಸೂಜಿ ಚುಚ್ಚಾಕ ಜಾಗಾ ಎಲ್ಲೈತಿ? ಬಳಿನ ಅದಾವು" ಎಂದಳು. ಗಂಡ ಇರುವ ತನಕ ತಾಂಡಾದ ಹೆಂಗಸು ಆ ಬಳೆ ತೆಗೆಯುವುದಿಲ್ಲ. ಗಂಡ ಹೋದ ದಿನ ಬೇರೆಯವರು ಬಂದು ತೆಗೆಯುತ್ತಾರೆ.

ಕಾಜಲ್ ಎಂದೂ ಇಲ್ಲದ ಚುರುಕಿನಿಂದ ಕೆಮ್ಮಣ್ಣು ತಂದು ಕಲಸಿದಳು.

ಒಲೆಯೇನೋ ಮರುದಿನಕ್ಕೇ ಎದ್ದಿತು. ಭೋಜಪ್ಪನ ಮಂಚವನ್ನು ಪ್ರೇಮಾಬಾಯಿ ತಾನೇ ಹೊತ್ತುಕೊಂಡು ಹೋಗಿ ದೊಡ್ಡಿಯಲ್ಲಿ ಹಾಕಿದಳು. ಆದರೆ ನಾಯಕನೂ ಅವಳಷ್ಟೇ ವರ್ಷ ತಾಂಡಾದ ಮಳೆ ಬಿಸಿಲು ಕಂಡವನು. ಬಂದು ನೋಡಿ ಮೀಸೆಯಲ್ಲೇ ನಕ್ಕ.

"ಹಸಿ ಮಣ್ಣು ಒಟ್ಟಿದ್ರ ಒಲಿ ಆಗೂದಿಲ್ಲ ಪ್ರೇಮಾಬಾಯಿ. ಭೋಗ ಕೊಡ್ರಿ. ಭೋಗ ಉಂಡ ಒಲಿಗೆ ಚೀಟಿ."

ಭೋಗವೆಂದರೆ ಕೆಂಡದ ಮೇಲೆ ತುಪ್ಪ, ಬೆಲ್ಲದ ಅನ್ನ ಹಾಕಿ ಹಿರಿಯರನ್ನು ನೆನೆಯುವುದು. ಹೊಸ ಒಲೆ ಒಮ್ಮೆ ಭೋಗ ಉಂಡಿತೆಂದರೆ ಮುಂದಿನ ದೀಪಾವಳಿಯ ತನಕ ಅದನ್ನು ಯಾರೂ ಒಡೆಯುವಂತಿಲ್ಲ, ಆ ಒಲೆಯವರೆಂದು ಹೆಸರು ಹೇಳಿಸಿಕೊಂಡವರು ಬೇರೆ ಒಲೆಗೆ ಸೇರುವಂತಿಲ್ಲ. ಅದು ಆ ತಾಂಡಾದ ಕಟ್ಟು. ಪ್ರೇಮಾಬಾಯಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಹೆಸರಿಗೆ ಎರಡು, ಅಡುಗೆ ಒಂದೇ ಕಡೆ ನಡೆಸಿದರಾಯಿತು, ಮನೆಯೊಳಗಿನದನ್ನು ಯಾರು ಬಂದು ನೋಡುತ್ತಾರೆ ಎಂದುಕೊಂಡಳು. ತುಪ್ಪದ ಗಿಂಡಿ ತಂದು ತಾನೇ ಸುರಿಯಲು ಕೂತಳು.

"ನೀ ಅಲ್ಲ" ಎಂದ ನಾಯಕ. "ಈ ಒಲಿ ಮುಂದ ಕುಂದ್ರೂ ಹೆಣ್ಣು ಸುರೀಬೇಕು."

ಗಿಂಡಿ ಕಾಜಲಳ ಕೈಗೆ ಹೋಯಿತು. ಕೆಂಡ ಭುಗ್ಗೆಂದಿತು. ಯಾರು ಯಾರು ಈ ಒಲೆಯವರು ಎಂದು ನಾಯಕ ಕೇಳಿದಾಗ ತಲೆಯ ಮೇಲೆ ಸೆರಗು ಎಳೆದುಕೊಂಡು ಪ್ರೇಮಾಬಾಯಿಯೇ ಹೇಳಿದಳು, "ತುಳಸಿರಾಮ, ಕಾಜಲ್, ನನ್ನ ಗಂಡ ಭೋಜಪ್ಪ. ಮರಿಯಮ್ಮನಾಣೆ." ಬಾಲು ಮತ್ತು ಸುಮನ ಗೋಡೆಗೆ ಒರಗಿ ನಗು ತಡೆದುಕೊಂಡರು. ಕಾಜಲ್ ಮಾತ್ರ ನಗಲಿಲ್ಲ. ಉರಿಯುವ ತುಪ್ಪವನ್ನೇ ನೋಡುತ್ತ ಕೂತಿದ್ದಳು. ನಾಯಕ ಆ ಒಲೆಯ ಚೀಟಿಯನ್ನು ಅವಳ ಕೈಗೇ ಕೊಟ್ಟ.

ಮೊದಲ ದಿನ ತೋರಿಕೆಗೆಂದು ಕಾಜಲ್ ಅಲ್ಲಿ ಚಹಾ ಕಾಸಿದಳು. ಮರುದಿನ ಅನ್ನಕ್ಕಿಟ್ಟಳು. ಮೂರನೆಯ ದಿನ ಬಂದು, "ಅತ್ತಿ, ಉಪ್ಪಿನ ಡಬ್ಬಿ ಒಂದು ಕೊಡ್ರಿ. ಹೋಗಿ ಬಂದು ಮಾಡಾಕ ಬ್ಯಾಸರ" ಎಂದಳು.

"ನಾಕ ದಿನಕ್ಕ ಉಪ್ಪಿನ ಡಬ್ಬಿ ಯಾಕ ನಿನಗ?"

"ನಾಕ ದಿನಾನೂ ಉಪ್ಪು ತಿನ್ನಬೇಕಲ್ರಿ."

ಡಬ್ಬಿ ಕೊಟ್ಟಳು. ಸಂಜೆ ದೊಡ್ಡಿಯ ಕಡೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂತು, ಅದರ ಹಿಂದೆಯೇ ತುಳಸಿರಾಮನ ನಗು. ಈ ಮನೆಯಲ್ಲಿ ಅವನು ಉಣ್ಣುವಾಗ ನಕ್ಕಿದ್ದನ್ನು ಪ್ರೇಮಾಬಾಯಿ ಕೇಳಿರಲಿಲ್ಲ. ಗುರುವಾರ ಬರಲಿ ಎಂದು ಹಲ್ಲು ಕಚ್ಚಿದಳು.

ಗುರುವಾರ ಬಂತು. ಭೋಜಪ್ಪ ತಲೆಗೆ ಎಣ್ಣೆ ಹಚ್ಚಿಕೊಂಡು, ಒಗೆದ ಅಂಗಿ ತೊಟ್ಟು, ಮಂಚದ ಮೇಲೆ ಕೂತಿದ್ದ. ಚೀಟಿ ಎಲ್ಲಿ ಎಂದು ಪ್ರೇಮಾಬಾಯಿ ಕೇಳಿದಾಗ ಕಾಜಲ್ ಒಲೆಯ ಬೂದಿ ತೆಗೆಯುತ್ತಿದ್ದಳು.

"ಅವರು ಹಿಡ್ಕೊಂಡು ಹೋದ್ರು."

"ಅವರು ಅಂದ್ರ ಯಾರು?"

"ನನ್ನ ಗಂಡ. ಬೆಳಿಗ್ಗೇನ ಪಾಳೇಕ ನಿಂತಾರ."

"ಏ ಹುಡುಗಿ, ಆ ಚೀಟಿ ಮುದುಕಂದು!"

"ಚೀಟಿ ಒಲಿದು ಅತ್ತಿ. ಒಲಿ ನಂದು. ಭೋಗ ಸುರಿದಾಕಿ ನಾ." ಕಾಜಲ್ ತಲೆ ಎತ್ತಿದಳು. ದನಿ ಏರಿಸಲಿಲ್ಲ, ರೀ ಎನ್ನುವುದನ್ನೂ ಬಿಡಲಿಲ್ಲ. "ಎರಡು ವರ್ಷ ನಿಮ್ಮ ಒಲಿ ಮುಂದ ಎಲ್ಲಾರೂ ಉಂಡಮ್ಯಾಲೆ ತಳದ ಅನ್ನ ಉಂಡೇನ್ರಿ. ಯಾರು ಮೊದ್ಲು, ಯಾರು ಕಡೀಗೆ ಅಂತ ಅಲ್ಲಿ ನೀವು ಹೇಳಿದ್ರಿ. ಇಲ್ಲಿ ನಾ ಹೇಳ್ತೇನಿ."

"ಕಾಲಾಗಿಂದು ತಲೀಗೆ ಏರಿತೇನ ನಿನಗ!"

"ಏರಿಸಿದಾವ್ರು ನೀವಽ."

ಪ್ರೇಮಾಬಾಯಿ ಅಂಗನವಾಡಿಗೆ ಓಡಿದಳು. ತುಳಸಿರಾಮ ಆಗಲೇ ತೋಳು ತಿಕ್ಕಿಕೊಳ್ಳುತ್ತ ಹೊರಗೆ ಬೆಂಚಿನ ಮೇಲೆ ಕೂತಿದ್ದ. ತಾಯಿಯನ್ನು ಕಂಡವನೇ ಎದ್ದು ಗೋಡೆಯ ಆಚೆ ಸರಿದ. ಬಾಲು ಇನ್ನೂ ಪಾಳಿಯಲ್ಲಿದ್ದ. ಪ್ರೇಮಾಬಾಯಿ ಅವನ ಕೈಗೆ ಕೈ ಹಾಕಿ ಚೀಟಿ ಕಸಿದುಕೊಂಡಳು.

"ಯಾಡಿ! ಏನ ಮಾಡ್ತಿ?"

"ಆಕಿ ಒಲಿ ಆಕಿದಾದ್ರ ನನ್ನ ಒಲಿ ನಂದು. ಈ ಚೀಟಿ ನಿಮ್ಮಪ್ಪಗ." ಬಾಗಿಲಲ್ಲಿ ಕೂತಿದ್ದ ನಾಯಕನ ಕಡೆ ತಿರುಗಿದಳು. "ನಾಯಕರ, ನನ್ನ ಒಲಿ ಚೀಟಿ ನಾ ಯಾರಿಗರ ಕೊಡಬಹುದೋ ಇಲ್ಲೋ?"

"ನಿನ್ನ ಒಲಿಯವ್ರಿಗೆ ಯಾರಿಗರ ಕೊಡು."

"ಹಂಗಾರ ಮುದುಕಗ."

"ಭೋಜಪ್ಪ ನಿನ್ನ ಒಲಿಯಾಂವ ಅಲ್ಲ" ಎಂದ ನಾಯಕ. "ಆಣಿ ಮಾಡಿದಾಕಿ ನೀನಽ. ತಾಂಡಾದ ಮುಂದ."

ಪಾಳಿಯಲ್ಲಿದ್ದ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದರು. ನೀರಿಗೆ ಹೋದಾಗ, ಸಂತೆಗೆ ಹೋದಾಗ ಒಂದೇ ಒಲೆಯ ಕಥೆ ಕೇಳಿ ಕೇಳಿ ಬೇಸತ್ತವರು ಅವರು. ಅನ್ನಪೂರ್ಣಾ ಒಳಗಿನಿಂದ ಬಂದು, "ಮುದುಕರಿಗೆ ಒಂದು ಹಾಕೂಣು ಬಿಡ್ರಿ ನಾಯಕರ" ಎಂದು ಹೇಳಿ ನೋಡಿದಳು. ಬರಿಗೈಯಲ್ಲಿ ಹಿಂದೆ ನಿಂತಿದ್ದವರೆಲ್ಲ ಗದ್ದಲ ಎಬ್ಬಿಸಿದರು. ನಮ್ಮ ಮನೆಯಲ್ಲೂ ಮುದುಕರಿದ್ದಾರೆ, ಇವರ ಮನೆಗೆ ಮೂರು ಯಾಕೆ? ಬಾಲು ತಾಯಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಚೀಟಿ ತೆಗೆದುಕೊಂಡು ಒಳಗೆ ಹೋದ.

ಭೋಜಪ್ಪ ಮಧ್ಯಾಹ್ನದವರೆಗೂ ಒಗೆದ ಅಂಗಿಯಲ್ಲೇ ಕೂತಿದ್ದ. ಹೆಂಡತಿ ಬಂದು ಹೇಳಿದಾಗ ಬಯ್ಯಲಿಲ್ಲ. "ಇಷ್ಟ್ಯಾಕ ಶಾಣ್ಯಾಕಿ ಆದಿ?" ಎಂದಷ್ಟೇ ಕೇಳಿದ.

ಆ ವಾರವೇ ಬಾಲು ಗೋವಾದ ಗಾಡಿ ಹತ್ತಿದ. ಹೋಗುವಾಗ ಸುಮನಳಿಗೆ ಹೇಳಿದ, ತಾಯಿಗೆ ಹೇಳಲಿಲ್ಲ. ಟಂಟಂ ಮತ್ತೆ ಶುರುಮಾಡಿದ ತುಳಸಿರಾಮ ಸಂತೆಯಿಂದ ಜ್ವರ ಹೊತ್ತು ತಂದ. ಸೂಜಿಯ ಜ್ವರವೆಂದುಕೊಂಡು ಮಲಗಿದ. ಅವನಿಗೆ ಇಳಿಯುವ ಹೊತ್ತಿಗೆ ಅದೇ ದೊಡ್ಡಿಯಲ್ಲಿ ಮಂಚ ಹಾಕಿಕೊಂಡಿದ್ದ ಭೋಜಪ್ಪನಿಗೆ ಏರಿತು.

ಪ್ರೇಮಾಬಾಯಿ ಬಾಗಿಲಿಗೆ ಬಂದಾಗ ಕಾಜಲ್ ಅಡ್ಡ ನಿಂತಳು. ಮೂಗಿಗೆ ಸೆರಗು ಕಟ್ಟಿಕೊಂಡಿದ್ದಳು.

"ಒಳಗ ಬರಬ್ಯಾಡ್ರಿ. ಆ ಕಡೆಯವ್ರು ಈ ಕಡೆ ಬರಂಗಿಲ್ಲ ಅಂತ ಅನ್ನಪೂರ್ಣಾ ಅಕ್ಕ ಹೇಳ್ಯಾಳ."

"ನನ್ನ ಗಂಡನ್ನ ನೋಡಾಕ ಆಕಿ ಅಪ್ಪಣಿ ಬೇಕೇನು?"

"ನಿಮಗ ಹತ್ತಿದ್ರ ನಿಮ್ಮನ್ನ ನೋಡಾವ್ರು ಯಾರ್ರಿ? ಸುಮನಕ್ಕ ನೋಡ್ತಾಳೇನು?"

ಹಿಂದೆ ಅಂಗಳದಲ್ಲಿ ಕೂತಿದ್ದ ಸುಮನ ಕೇಳಿಸದವಳಂತೆ ಅಕ್ಕಿ ಆರಿಸುತ್ತಿದ್ದಳು. ಪ್ರೇಮಾಬಾಯಿ ಬಿಸಿ ರೊಟ್ಟಿ ಕಟ್ಟಿ ತಂದು ಹೊಸ್ತಿಲ ಮೇಲಿಟ್ಟಳು. ಸಂಜೆ ನೋಡಿದರೆ ಆಡುಗಳು ಅದನ್ನು ತಿನ್ನುತ್ತಿದ್ದವು.

"ನನ್ನ ರೊಟ್ಟಿ ಆಡಿಗೆ ಹಾಕ್ತಿಯೇನ ರಂಡಿ!"

"ಜ್ವರದಾಗ ಬಿದ್ದಾವ್ರಿಗೆ ರೊಟ್ಟಿ ಕೊಡ್ತಾರೇನ್ರಿ ಯಾರರ?"

ಕಾಜಲ್ ನುಚ್ಚಿನ ಗಂಜಿ ಮಾಡಿ ಕುಡಿಸುತ್ತಿದ್ದಳು. ಕುಡಿಯದಿದ್ದರೆ ಮಾವನೆಂಬುದನ್ನೂ ನೋಡದೆ ಗದರಿಸುತ್ತಿದ್ದಳು. ಬೆನ್ನು ತಿಕ್ಕಿದಳು, ಬಟ್ಟೆ ಕುದಿಸಿದಳು, ವಾಂತಿ ಬಳಿದಳು. ಅನ್ನಪೂರ್ಣಾ ದಿನಾ ಬಂದು ಬೆರಳಿಗೆ ಯಂತ್ರ ಸಿಕ್ಕಿಸಿ ನೋಡಿ ಹೋಗುತ್ತಿದ್ದಳು. ಪ್ರೇಮಾಬಾಯಿ ಅಂಗಳದ ಈಚೆ ನಿಂತು ಗೋಡೆಯಾಚೆಯ ಕೆಮ್ಮು ಕೇಳುತ್ತಿದ್ದಳು. ಕೆಮ್ಮು ನಿಂತರೆ ಇನ್ನೂ ಭಯವಾಗುತ್ತಿತ್ತು. ಆ ದಿನಗಳಲ್ಲಿ ತೋಳಬಳೆಗಳನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುವುದು ರೂಢಿಯಾಯಿತು. ಚೀಟಿ ಕೊಡದ ಸೊಸೆಯೇ ಮುದುಕನ ಜೀವ ಹಿಡಿದು ಕೂತಿದ್ದಾಳೆ ಎಂಬುದು ಕಣ್ಣಿಗೆ ಕಾಣುತ್ತಿದ್ದರೂ ಅವಳ ಮೇಲಿನ ದ್ವೇಷ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ. ಏರಿತೆಂದರೂ ಸುಳ್ಳಲ್ಲ.

ಮುದುಕ ಉಳಿದುಕೊಂಡ. ಸೊರಗಿ ಕಡ್ಡಿಯಾದ, ಆದರೆ ಉಳಿದ. ಗಣೇಶ ಚೌತಿ ಕಳೆದ ಮೇಲೆ ಸುಮನ ಬಟ್ಟೆ ಗಂಟು ಕಟ್ಟಿದಳು.

"ಗೋವಾದಾಗ ಅವರಿಗೆ ಅಡಗಿ ಮಾಡಾವ್ರು ಇಲ್ಲ. ಹೋಗ್ತೇನಿ."

"ಇಲ್ಲಿ?"

"ಇಲ್ಲಿ ಯಾರದಾರ್ರಿ ಅತ್ತಿ, ಮಾಡಿ ಹಾಕಾಕ?"

ಅಂದಿನಿಂದ ದೊಡ್ಡ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಒಂದು ಹಿಡಿ ಅಕ್ಕಿ ಬೇಯತೊಡಗಿತು. ಆಕೆ ಕಾಯುತ್ತಿದ್ದದ್ದು ದೀಪಾವಳಿಯನ್ನು. ದೀಪಾವಳಿ ಮುಗಿದರೆ ಆಣೆಯ ಕಟ್ಟು ಮುಗಿಯುತ್ತದೆ. ಹಾರೆಯ ಮೊನೆಯನ್ನು ಕಲ್ಲಿಗೆ ಉಜ್ಜಿ ಮೂಲೆಯಲ್ಲಿ ನಿಲ್ಲಿಸಿದ್ದಳು.

ದೀಪಾವಳಿಯ ಮರುವಾರ ಅನ್ನಪೂರ್ಣಾ ಹೆಗಲಿಗೆ ಲಸಿಕೆಯ ಪೆಟ್ಟಿಗೆ ಹಾಕಿಕೊಂಡು ನರ್ಸಮ್ಮನನ್ನು ಕರೆದುಕೊಂಡು ಬಂದಳು. ಈಗ ಚೀಟಿ ಇಲ್ಲ, ಪಾಳಿ ಇಲ್ಲ. ಮನೆಮನೆ ತಿರುಗಿ ಕರೆದರೂ ಜನ ಹೊಲಕ್ಕೆ ಹೋಗಬೇಕೆಂದು ತಪ್ಪಿಸಿಕೊಳ್ಳುತ್ತಿದ್ದರು. ಭೋಜಪ್ಪ ಮಾತ್ರ ಕರೆಯುವ ಮೊದಲೇ ಅಂಗಿ ಬಿಚ್ಚಿ ಕೂತಿದ್ದ. ನರ್ಸಮ್ಮ ಚುಚ್ಚಿದಳು. ಎರಡು ಗಳಿಗೆಯೂ ಹಿಡಿಯಲಿಲ್ಲ. ಅಷ್ಟಕ್ಕಾಗಿ ಏನೆಲ್ಲ ಆಗಿಹೋಗಿತ್ತು!

"ಮುಗೀತಲ್ಲ" ಎಂದು ಪ್ರೇಮಾಬಾಯಿ ಹಾರೆ ಎತ್ತಿಕೊಂಡು ದೊಡ್ಡಿಗೆ ನಡೆದಳು. "ಸರಿ ಆ ಕಡೆ. ಒಲಿ ಒಡೀತೇನಿ."

ಕಾಜಲ್ ಒಲೆಯ ಮುಂದೆ ಕೂತವಳು ಏಳಲಿಲ್ಲ. ಅನ್ನ ಕುದಿಯುತ್ತಿತ್ತು.

"ಈ ಒಲಿಯವ್ರನ್ನ ಒಂದು ಮಾತು ಕೇಳ್ರಿ ಮೊದ್ಲು."

"ಏನ್ ಕೇಳೂದೈತಿ? ಏನ್ರಿ, ಏಳ್ರಿ, ಮಂಚ ಆ ಕಡೆ ಒಯ್ಯೂಣು."

ಭೋಜಪ್ಪ ತೋಳು ಒತ್ತಿಕೊಳ್ಳುತ್ತ ಹೆಂಡತಿಯ ಮುಖ ನೋಡಿದ, ಆಮೇಲೆ ಪಾತ್ರೆಯ ಕಡೆ ನೋಡಿದ.

"ಒಡೀಬ್ಯಾಡ" ಎಂದ. "ನಾ ಇಲ್ಲೇ ಉಣ್ತೇನಿ. ಇಲ್ಲಿ ಅನ್ನ ಮೆತ್ತಗ ಇರತೈತಿ."

"ಚೀಟಿ ಕಸ್ಕೊಂಡಾಕಿ ಆಕಿ! ನಿಮ್ಮನ್ನ ಸಾಯಾಕ ಬಿಟ್ಟಿದ್ಲು!"

"ಚೀಟಿ ಕೊಡ್ಲಿಲ್ಲ. ಗಂಜಿ ಕೊಟ್ಲು." ಮುದುಕ ತುಸು ಪಕ್ಕಕ್ಕೆ ಸರಿದು, "ನೀನೂ ಬಾ. ಇಲ್ಲೇ ಉಣ್ಣು" ಎಂದ.

ಪ್ರೇಮಾಬಾಯಿ ಹಾರೆ ಹಿಡಿದುಕೊಂಡೇ ಕಾಜಲಳ ಕಡೆ ನೋಡಿದಳು. ಕರೆದರೆ ಬಯ್ಯುವುದಕ್ಕಾದರೂ ಒಂದು ದಾರಿಯಾಗುತ್ತಿತ್ತು. ಕಾಜಲ್ ಸೌಟಿನಿಂದ ಅನ್ನ ತಿರುವಿ, ಒಂದು ಅಗುಳು ಹಿಸುಕಿ ನೋಡಿದಳು.

"ಅತ್ತಿಗೆ ಅವರ ಒಲಿ ಐತಲ್ರಿ ಮಾವ" ಎಂದಳು.

ಹಾರೆಯನ್ನು ಗೋಡೆಗೆ ಒರಗಿಸಿ ಪ್ರೇಮಾಬಾಯಿ ಅಂಗಳಕ್ಕೆ ಬಂದಳು. ಅನ್ನಪೂರ್ಣಾ ಪೆಟ್ಟಿಗೆ ಮುಚ್ಚದೆ ಅವಳಿಗಾಗಿಯೇ ಕಾಯುತ್ತಿದ್ದಳು.

"ಬಾ ಯಾಡಿ, ನಿಂದೊಂದು ಉಳದೈತಿ. ನಿನ್ನ ಕಡೆ ಮತ್ತ ಯಾರರ ಅದಾರೇನು? ಎಷ್ಟು ಮಂದಿ ಈ ಒಲಿಗೆ?"

"ಒಲಿಗೊಂದು" ಎಂದಳು ಪ್ರೇಮಾಬಾಯಿ. "ನಾಯಕ ಹೇಳಿದಂಗ."

ಕಟ್ಟೆಯ ಮೇಲೆ ಕೂತು, ತೋಳಬಳೆಗಳನ್ನು ಒಂದು ಕೈಯಿಂದ ಒತ್ತಿ ಕೆಳಗೆ ಸರಿಸಿದಳು. ವರ್ಷಗಟ್ಟಲೆ ಬಿಸಿಲು ಕಾಣದ ಚರ್ಮ ಬೆಳ್ಳಗೆ ಇಣುಕಿತು. ಈ ಬಳೆ ಉಳಿಯಲೆಂದೇ ಇಷ್ಟೆಲ್ಲ ಮಾಡಿದ್ದು, ಬಳೆಗಳು ಉಳಿದಿದ್ದವು. ಆಚೆ ದೊಡ್ಡಿಯಲ್ಲಿ ತಾಟು ಇಟ್ಟ ಸದ್ದಾಯಿತು. ಮೊದಲ ತಾಟು ಯಾರ ಮುಂದೆ ಇಟ್ಟರೆಂದು ನೋಡಲು ತಿರುಗಹೋದಳು.

"ಅಲುಗಾಡಬ್ಯಾಡ" ಎಂದಳು ನರ್ಸಮ್ಮ.